ತಾತನ ಮಿಲ್ಲಿನ ಮಾತು

ನನ್ನ ಎಡಗಿವಿ ಮಂದವಾಗಿದೆ ಎಂದು ಮೊದಲು ಪತ್ತೆಹಚ್ಚಿದ್ದು ಮನೆಯಲ್ಲಿದ್ದ ಒಬ್ಬರೇ ಕಿವುಡರು, ನಮ್ಮ ತಾತ. ಬಟ್ಟೆ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಮಗ್ಗಗಳ ಸದ್ದಿನ ನಡುವೆ ನಿಂತು ಅವರ ಕಿವಿ ಹೋಗಿತ್ತು. ನನಗಾಗ ಹದಿಮೂರು. ಸದಾ ವಟಗುಟ್ಟುತ್ತಿದ್ದ ನನ್ನನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು.

ಆ ವರ್ಷ ಮೂಗು ಕಟ್ಟಿದ್ದು ಬಿಡಲೇ ಇಲ್ಲ, ಒಮ್ಮೊಮ್ಮೆ ರಕ್ತವೂ ಬರುತ್ತಿತ್ತು. ನೆಗಡಿ ಎಂದುಕೊಂಡು ಅಮ್ಮ ಬಿಸಿನೀರಿನ ಆವಿ ಕೊಡುತ್ತಿದ್ದಳು. ತರಗತಿಯಲ್ಲಿ ಮೇಷ್ಟ್ರು "ಗಮನ ಎಲ್ಲಿದೆ?" ಎಂದು ಗದರುತ್ತಿದ್ದರು. ಒಂದು ಸಂಜೆ ತಾತ ನನ್ನನ್ನೇ ದಿಟ್ಟಿಸಿ ನೋಡಿ ಅಮ್ಮನನ್ನು ಕರೆದರು.

"ನೋಡು, ಇವಳೂ ನನ್ ಥರಾನೇ ಬಲಗಿವಿ ಕೊಟ್ಟು ಕೇಳ್ತಾಳೆ."

"ನಿಮ್ಮನ್ನ ಅಣಕಿಸ್ತಿದ್ದಾಳೆ ಬಿಡಿ ಮಾವ."

"ಅಣಕ ಅಲ್ಲಮ್ಮ. ಅವಳ ಕುತ್ತಿಗೆ ಮುಟ್ಟಿ ನೋಡು."

ಎಡಗಿವಿಯ ಕೆಳಗೆ ಗೋಲಿಯಷ್ಟು ಗಟ್ಟಿಯಾದ ಗಂಟು. ನೋವಿರಲಿಲ್ಲ. ತಿಂಗಳಿಡೀ ಮಾತ್ರೆ ನುಂಗಿದರೂ ಅದು ಕರಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮೂಗಿನೊಳಗೆ ತೆಳ್ಳಗಿನ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸದೆ ನನಗೇ ಹೇಳಿದರು.

"ಮೂಗಿನ ಹಿಂದೆ, ಗಂಟಲಿನ ಮೇಲ್ಗಡೆ ಕ್ಯಾನ್ಸರ್ ಇದೆ ಪುಟ್ಟಿ. ಮಕ್ಕಳಲ್ಲಿ ಇದು ಅಪರೂಪ. ಆ ಜಾಗದಲ್ಲಿ ಆಪರೇಷನ್ ಕಷ್ಟ. ಮೊದಲು ನರಕ್ಕೆ ಔಷಧಿ ಹನಿಸ್ತೀವಿ, ಆಮೇಲೆ ರೇಡಿಯೇಷನ್ ಕಿರಣ ಕೊಡ್ತೀವಿ. ಬಹಳಷ್ಟು ಮಕ್ಕಳು ಹುಷಾರಾಗ್ತಾರೆ."

ಅಮ್ಮನಿಗೆ ಮೊದಲನೆಯ ಮಾತಿನಿಂದ ಮುಂದಕ್ಕೆ ಏನೂ ತಲೆಗೆ ಹೋಗಲಿಲ್ಲ. ತಾತನಿಗಂತೂ ಏನೂ ಕೇಳಿಸಿರಲಾರದು ಎಂದುಕೊಂಡೆ. ಹೊರಗೆ ಬಂದ ಮೇಲೆ ಅವರು ಅಮ್ಮನ ಭುಜ ತಟ್ಟಿದರು. "ಹುಷಾರಾಗ್ತಾರೆ ಅಂದ್ರಮ್ಮ. ನಾನು ಅವರ ತುಟೀನೇ ನೋಡ್ತಿದ್ದೆ."

ಮಿಲ್ಲಿನಲ್ಲಿ ಯಾರ ದನಿಯೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಮಗ್ಗದಿಂದ ಮಗ್ಗಕ್ಕೆ ತುಟಿಯಲ್ಲೇ ಮಾತು, ತುಟಿಯಲ್ಲೇ ಜಗಳ.

ಮೂರು ಸುತ್ತು ಔಷಧಿಯಾಯಿತು. ಹೊಟ್ಟೆಯಲ್ಲಿ ಒಂದು ಹನಿ ನೀರೂ ನಿಲ್ಲಲಿಲ್ಲ. ಕೂದಲು ದಿಂಬಿಗೆ ಅಂಟಿ ಬಂತು. ಬಕ್ಕತಲೆಯ ತಾತ ಪಕ್ಕದಲ್ಲಿ ಕೂತು, "ಈಗ ಯಾರೂ ನಮ್ಮಿಬ್ಬರ ಸಂಬಂಧ ಕೇಳಲ್ಲ" ಎಂದರು.

ಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕಾಗಿ ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಮುಖವಾಡ ಮಾಡಿದರು. ಮೊದಲ ದಿನ ಅದನ್ನು ಮೇಜಿಗೆ ಬಿಗಿದು ಎಲ್ಲರೂ ಹೊರಗೆ ಹೋಗಿ, ದಪ್ಪ ಬಾಗಿಲು ಮುಚ್ಚಿದಾಗ ಉಸಿರೇ ನಿಂತಂತಾಯಿತು. ಕೈ ಎತ್ತಿಬಿಟ್ಟೆ. ಯಂತ್ರ ನಡೆಸುವ ಅಕ್ಕ ಓಡಿ ಬಂದು ಬಿಚ್ಚಿದಳು.

"ಒಳಗೆ ಮೈಕಿನ ದನಿ ಕೇಳ್ಸುತ್ತೆ. ಯಾರು ಮಾತಾಡ್ಬೇಕು ಹೇಳು."

"ತಾತ."

ಅವರಿಗೆ ತಮ್ಮ ದನಿಯ ಅಳತೆಯೇ ಗೊತ್ತಿರಲಿಲ್ಲ. ಮೈಕು ಕೈಗೆ ಸಿಕ್ಕಿದ್ದೇ ತಡ, "ಗಿಣೀ! ಉಸಿರಾಡ್ತಾ ಇರು!" ಎಂದು ಕೂಗಿದರು. ಮೊಗಸಾಲೆಯಲ್ಲಿ ಕೂತವರೆಲ್ಲ ಉಸಿರಾಡಿದರಂತೆ. ಆಮೇಲೆ ಮಿಲ್ಲಿನ ಕಥೆ ಶುರು. ಮೇಸ್ತ್ರಿಯ ಟೋಪಿ ಮಗ್ಗಕ್ಕೆ ಸಿಕ್ಕಿದ್ದು, ಅದೇ ಮಿಲ್ಲಿನಲ್ಲಿದ್ದ ಅಜ್ಜಿ ನೂಲು ಸುತ್ತುತ್ತ ದೂರದಿಂದಲೇ ತುಟಿಯಲ್ಲಿ "ನಮ್ಮಪ್ಪನ್ನ ಬಂದು ಕೇಳು" ಎಂದದ್ದು. ಮೂವತ್ತಮೂರು ದಿನ, ದಿನಕ್ಕೊಂದು ಕಥೆ. ಕಾಯುತ್ತಿದ್ದವರೂ ಕೇಳುತ್ತಿದ್ದರು. ಅಜ್ಜಿಯ ಕಥೆ ಅರ್ಧಕ್ಕೆ ನಿಂತ ದಿನ ಒಬ್ಬ ಹೆಂಗಸು ತನ್ನ ಸರದಿ ಮುಗಿದರೂ ಉಳಿದರ್ಧ ಕೇಳದೆ ಎದ್ದು ಹೋಗಲಿಲ್ಲವಂತೆ.

ಮೂರನೆಯ ವಾರ ಬಾಯೆಲ್ಲ ಹುಣ್ಣಾಯಿತು. ಉಗುಳು ನುಂಗಿದರೂ ಕೆಂಡ ನುಂಗಿದಂತೆ. ದನಿ ಹೊರಡಲಿಲ್ಲ. ಆಗ ತಾತ ನನ್ನೆದುರು ಕೂತು ಮಿಲ್ಲಿನ ಮಾತು ಕಲಿಸಿದರು. ದನಿ ಬೇಡ, ತುಟಿ ಮಾತ್ರ. ನರ್ಸಮ್ಮನ ಬಗ್ಗೆ ಅವಳೆದುರೇ ನಾವಿಬ್ಬರೂ ಹರಟೆ ಹೊಡೆಯುತ್ತಿದ್ದೆವು. ಒಮ್ಮೆ ಮಾತ್ರ ನಾನು ತುಟಿಯಲ್ಲೇ ಕೇಳಿದೆ: "ನಾನು ಸತ್ತೋಗ್ತೀನಾ ತಾತ?"

ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಗೊತ್ತಿಲ್ಲ ಕಣೇ," ಎಂದವು ಅವರ ತುಟಿಗಳು. "ಆದ್ರೆ ನಾನು ಇಲ್ಲಿಂದ ಏಳಲ್ಲ."

ನಾನು ಬದುಕಿದೆ. ಈಗ ಮೂವತ್ತೊಂದು. ಎಡಗಿವಿಯಲ್ಲಿ ಶ್ರವಣಯಂತ್ರವಿದೆ, ಚೀಲದಲ್ಲಿ ಸದಾ ನೀರಿನ ಬಾಟಲಿ. ಕಿರಣ ತಾಗಿದ ಬಾಯಿ ಒಣಗುವುದು ಬಿಟ್ಟಿಲ್ಲ. ತಾತ ಹೋಗಿ ಒಂಬತ್ತು ವರ್ಷ. ಅಷ್ಟು ಜೋರಾಗಿ ನನ್ನನ್ನು ಮತ್ತೆ ಯಾರೂ ಕರೆದಿಲ್ಲ.

ಆ ದಿನಗಳನ್ನು ನೆನೆದಾಗಲೆಲ್ಲ ಕಣ್ಣಿಗೆ ಬರುವುದು ಚಿಕಿತ್ಸೆ ಮುಗಿದ ನಾಲ್ಕನೇ ತಿಂಗಳ ಒಂದು ಮಧ್ಯಾಹ್ನ. ಅಲ್ಲಿಯವರೆಗೆ ಏನು ತಿಂದರೂ ಕಾಗದ ಜಗಿದಂತಿತ್ತು. ಅಂದು ಅಮ್ಮ ಗಂಜಿ ಬಡಿಸಿದಳು. ಎರಡನೆಯ ಚಮಚಕ್ಕೆ ನಾನು ಮುಖ ಕಿವುಚಿದೆ.

"ಅಮ್ಮಾ, ಉಪ್ಪು ಜಾಸ್ತಿ ಆಗಿದೆ."

ಅಮ್ಮ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತಳು. ಏನಾಯಿತೆಂದು ತಿಳಿಯದ ತಾತ ನನ್ನ ಮುಖ ನೋಡಿದರು. ತುಟಿಯಲ್ಲಿ ಹೇಳಿದೆ. ಅವರು ನನ್ನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಒಂದು ಚಮಚ ತಿಂದು, "ಹೌದು ಕಣಮ್ಮ, ನಿಜವಾಗ್ಲೂ ಜಾಸ್ತಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.