ಹಣೆಯ ಮೇಲಿನ ಬಿಸಿಲು

“ಇವ್ಳು ನಾನಲ್ಲ ಕಣಮ್ಮ,” ಅಂದಳು ಕದಿರಮ್ಮ, ಚಿತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದು.

ವನಿತಾಗೆ ನಗು ಬಂತು. ಕ್ಯಾಸಂಬಳ್ಳಿ ಕಡೆಯಿಂದ ಸೊಪ್ಪು ತಂದು ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ ಮಾರುವ ಈ ಹೆಂಗಸನ್ನು ಅವಳು ಎರಡು ತಿಂಗಳು, ಪ್ರತಿ ಭಾನುವಾರ, ಮನೆ ಮುಂದೆ ಕೂರಿಸಿಕೊಂಡು ಬರೆದಿದ್ದಳು. ಮೂಗು ಅದೇ, ಮೂಗುಬೊಟ್ಟು ಅದೇ, ಕೈಮೇಲಿನ ಹಚ್ಚೆಯೂ ಅದೇ. ಇನ್ನೇನು ಬೇಕಂತೆ ಈ ಮಹಾರಾಯಿತಿಗೆ?

“ಅಣೆ ನೋಡು.”

ಹಣೆಯ ಮೇಲೆ ಏನೂ ಇರಲಿಲ್ಲ. ಅಲ್ಲಿ ಬೆಳಗಿನ ಬಿಸಿಲು ಬಿದ್ದದ್ದನ್ನು ತೋರಿಸಲು ವನಿತಾ ಬಣ್ಣ ಮುಟ್ಟಿಸದೆ ಕಾಗದವನ್ನು ಹಾಗೇ ಬಿಟ್ಟಿದ್ದಳು. ಜಲವರ್ಣದಲ್ಲಿ ಬೆಳಕೆಂದರೆ ಹಾಗೆ ಬಿಟ್ಟ ಕಾಗದವೇ. ಬಂಗಾರಪೇಟೆಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿ ಅವಳು ಮಕ್ಕಳಿಗೆ ಬಾಯಿ ನೋಯುವಷ್ಟು ಹೇಳುವುದೂ ಅದನ್ನೇ: ಬಿಳಿ ಉಳಿಸಿಕೊಳ್ಳಿ, ಒಂದು ಸಲ ಹೋದರೆ ವಾಪಸು ಬರಲ್ಲ. ಬೆಂಗಳೂರಿನ ಪ್ರದರ್ಶನದವರು ಫೋಟೋ ನೋಡಿ ಈ ಚಿತ್ರವನ್ನು ಆರಿಸಿದ್ದೂ ಆ ಹಣೆಗಾಗಿ. ಪತ್ರದಲ್ಲಿ ಹಾಗೆಂದೇ ಬರೆದಿದ್ದರು. ಮಗಳು ಸಹನ ಹುಟ್ಟಿದ ಮೇಲಿನ ಹನ್ನೊಂದು ವರ್ಷಗಳಲ್ಲಿ ವನಿತಾಳ ಚಿತ್ರ ಊರು ದಾಟುತ್ತಿರುವುದು ಇದೇ ಮೊದಲು. ಮಧ್ಯಾಹ್ನದ ರೈಲಿಗೆ ಅದನ್ನು ತೆಗೆದುಕೊಂಡು ಹೊರಡಬೇಕಿತ್ತು.

“ಅದು ಬಿಸಿಲು ಅಕ್ಕ.”

“ಬಿಸಿಲು ಎಲ್ಲಾರ ಅಣೆ ಮೇಲೂ ಬೀಳ್ತದೆ. ಕುಂಕ್ಮ ಎಲ್ಲಾರ್ಗೂ ಇರಲ್ಲ.”

ಅಂದ ಮೇಲೆ ಕದಿರಮ್ಮ ನಾಲಿಗೆ ಕಚ್ಚಿಕೊಂಡಳು. ವನಿತಾಳ ಗಂಡ ವಿಜಯಕುಮಾರ್ ತೀರಿಕೊಂಡು ಮೂರು ವರ್ಷವಾಗಿತ್ತು. ಆ ದಿನಗಳಲ್ಲಿ ಈ ಮನೆಯಲ್ಲಿ ಒಲೆ ಹಚ್ಚಿ ಸಹನಳಿಗೆ ಅನ್ನ ಕಲಸಿ ತಿನ್ನಿಸಿದವಳು ಇದೇ ಕದಿರಮ್ಮ.

“ತಪ್ಪು ತಿಳ್ಕೋಬ್ಯಾಡ,” ಅಂದಳು ದನಿ ತಗ್ಗಿಸಿ. “ನಾಳೆ ಕೋಲಾರ್ದಾಗೆ ನಮ್ಮನೆಯೋರ್ಗೆ ಆಪ್ರೇಸನ್ನು. ಇವತ್ತು ನಾನು ನನ್ನ ಇಂಗೆ ನೋಡ್ಬೇಕಾ?”

ವನಿತಾಗೆ ಮೊದಲು ಬಂದದ್ದು ಸಿಟ್ಟು. ಚಿತ್ರ ತನ್ನದು; ಎರಡು ತಿಂಗಳ ಕೆಲಸ ಒಂದು ಬೊಟ್ಟಿನಲ್ಲಿ ಹಾಳಾಗುತ್ತದೆ. ಆದರೆ ಕದಿರಮ್ಮನ ಹಣೆಯ ಕಾಸಗಲದ ಕುಂಕುಮ ಎದುರಿಗೇ ಇತ್ತು. ಎಲ್ಲ ಭಾನುವಾರಗಳಲ್ಲೂ ಇತ್ತು. ಮೂಗುಬೊಟ್ಟಿನ ಹರಳನ್ನೂ ಬಿಡದೆ ಕಂಡ ಕಣ್ಣಿಗೆ ಅದೊಂದು ಹೇಗೆ ಕಾಣದೆ ಹೋಯಿತು? ಬಿಸಿಲಿಗಾಗಿಯೇ ಬಿಟ್ಟೆ ಎಂದು ಗಟ್ಟಿಯಾಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅವಳು ಬಣ್ಣದ ಡಬ್ಬಿ ತೆರೆದಳು.

“ಅಮ್ಮಾ, ಬೇಡ,” ಅಂದಳು ಪಕ್ಕದಲ್ಲೇ ನಿಂತಿದ್ದ ಸಹನ. “ಫೋಟೋದಲ್ಲಿ ಇಲ್ಲದ್ದು ಇದ್ರೆ ಅವ್ರು ತಗೊಳ್ದೇ ಹೋದ್ರೆ?”

“ತಗೊಳ್ದಿದ್ರೆ ವಾಪಸ್ ತರೋಣ,” ಅಂದಳು ವನಿತಾ. ಕೆಂಪು ಕಲಸಿ ಕುಂಚವನ್ನು ಕದಿರಮ್ಮನ ಕಡೆ ಚಾಚಿದಳು. “ನೀವೇ ಇಡಿ ಅಕ್ಕ. ನಾಳೆ ಆಪರೇಷನ್ ಇಟ್ಕೊಂಡು ನನ್ನ ಕೈಯಿಂದ ಬೇಡ.”

ಕದಿರಮ್ಮ ಕುಂಚವನ್ನು ನೋಡಿದಳು, ವನಿತಾಳ ಮುಖ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ವನಿತಾಳ ಮುಂಗೈ ಹಿಡಿದು ಚಿತ್ರದ ಹತ್ತಿರ ಒಯ್ದಳು.

“ಬರ್ದೋಳು ನೀನು. ನೀನೇ ಇಡು.”

ವನಿತಾ ಇಟ್ಟಳು. ಹಣೆಯ ಬಿಸಿಲು ಹೊರಟೇ ಹೋಯಿತು, ಅದರಲ್ಲಿ ಅನುಮಾನವಿರಲಿಲ್ಲ. ಸಹನ ಮುಖ ತಿರುಗಿಸಿಕೊಂಡಳು.

ಕದಿರಮ್ಮ ಮಾತ್ರ ಮುಂಗೈ ಬಿಡದೆ ಬಾಗಿ ನೋಡುತ್ತಲೇ ಇದ್ದಳು.

“ಆರಿದ್ರೆ ಮಾಸ್ತದಾ?”

“ಸ್ವಲ್ಪ ಮಾಸುತ್ತೆ ಅಕ್ಕ.”

“ಅಂಗಾದ್ರೆ ಇನ್ನೊಂದ್ಸಲ ಇಡಮ್ಮ.”

ವನಿತಾ ಕುಂಚವನ್ನು ಮತ್ತೆ ಕೆಂಪಿಗೆ ಅದ್ದಿದಳು.