ತುಟಿಯಲ್ಲಿ ಹೇಳಿಕೊಟ್ಟ ಉತ್ತರ

ಡಾಕ್ಟರಮ್ಮ ಬಂದಾಗಲೆಲ್ಲ ಮೊಮ್ಮಗಳು ಅವರ ಬೆನ್ನ ಹಿಂದೆ, ಅಜ್ಜಿಗೆ ಮಾತ್ರ ಕಾಣುವಂತೆ ನಿಲ್ಲುತ್ತಿದ್ದಳು. ಅಜ್ಜಿಗೆ ತೊಡೆಮೂಳೆಯ ಆಪರೇಷನ್ ಆಗಿತ್ತು. ಆಮೇಲೆ ದಿನಾ ಬೆಳಿಗ್ಗೆ ಅದೇ ಪ್ರಶ್ನೆಗಳು: ವಾರ ಯಾವುದು, ತಿಂಗಳು ಯಾವುದು.

“ಅಜ್ಜಿ, ಇವತ್ತು ಯಾವ ವಾರ?”

ಅಜ್ಜಿ ಡಾಕ್ಟರಮ್ಮನ ಭುಜದಾಚೆ ಕಣ್ಣು ಹಾಯಿಸಿದಳು. ಮೊಮ್ಮಗಳ ತುಟಿ ಸದ್ದಿಲ್ಲದೆ ಅಲ್ಲಾಡಿತು.

“ಬುಧವಾರ. ಯಾಕೆ, ನಿಮಗೆ ಗೊತ್ತಿಲ್ವಾ?”

ಸಿಸ್ಟರ್ ನಕ್ಕರು. ಅಜ್ಜಿ, ಮೊಮ್ಮಗಳು ಇಬ್ಬರೂ ಅಜ್ಜಿಯ ಹೊಲಿಗೆ ಅಂಗಡಿಯಲ್ಲಿ ಕೂತು ಹೊಲಿಯುವವರು. ಮೆಷಿನ್‌ಗಳ ಗದ್ದಲದಲ್ಲಿ ಕೂಗಿ ಗಂಟಲು ಹರಿದುಕೊಳ್ಳುವ ಬದಲು ತುಟಿ ನೋಡಿಯೇ ಮಾತು ಅರ್ಥಮಾಡಿಕೊಳ್ಳುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಅದು ಆಸ್ಪತ್ರೆಯಲ್ಲೂ ಉಪಯೋಗಕ್ಕೆ ಬಂತು. ಉಪಯೋಗಕ್ಕೆ ಬರಲೇಬೇಕಿತ್ತು, ಯಾಕೆಂದರೆ ದೊಡ್ಡಪ್ಪ ಮೊದಲೇ ಹೇಳಿಬಿಟ್ಟಿದ್ದ: “ಅಮ್ಮನಿಗೆ ಅರಳುಮರಳು ಅಂತ ಗೊತ್ತಾದ್ರೆ ಅಂಗಡಿಗೆ ಬೀಗ. ಅವಳು ವೃದ್ಧಾಶ್ರಮಕ್ಕೆ, ನೀನು ನಮ್ಮನೆಗೆ.” ಶಾಲೆ ಬಿಟ್ಟ ಹುಡುಗಿಗೆ ಆ ಅಂಗಡಿ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಆವತ್ತು ಡಾಕ್ಟರಮ್ಮ ಹೊರಡುತ್ತಾ ಸಿಸ್ಟರ್‌ಗೆ ಹೇಳಿದರು: “ರಕ್ತ ಕಡಿಮೆ ಇದೆ. ಮಂಕು ಕವಿದಿದ್ರೆ ಇವತ್ತೇ ರಕ್ತ ಏರಿಸ್ತಿದ್ದೆ. ಬುದ್ಧಿ ಚುರುಕಾಗಿದೆಯಲ್ಲ, ಸದ್ಯಕ್ಕೆ ಮಾತ್ರೆ ಸಾಕು.”

ಮೊಮ್ಮಗಳು ಒಂದು ಹೆಜ್ಜೆ ಮುಂದಿಟ್ಟಳು. ‘ಮೇಡಂ’ ಅನ್ನಬೇಕೆಂದುಕೊಂಡಳು. ದೊಡ್ಡಪ್ಪನ ಬೀಗದ ಮಾತು ನೆನಪಾಯಿತು. ಅಷ್ಟರಲ್ಲಿ ಅವರು ಪಕ್ಕದ ಮಂಚಕ್ಕೆ ಹೋಗಿದ್ದರು.

ಆ ದಿನವೆಲ್ಲ ಅಜ್ಜಿ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿ ಮಡಿಸಿ, ಇಲ್ಲದ ಸೂಜಿಯಲ್ಲಿ ಹೊಲಿದಳು. ಮುಖ ಸುಣ್ಣದಂತಾಗಿತ್ತು. ಗಂಜಿ ಕುಡಿಸಲು ಹೋದ ಮೊಮ್ಮಗಳಿಗೆ, “ನಿಮ್ಮ ಬಟ್ಟೆ ಇನ್ನೂ ಆಗಿಲ್ಲಮ್ಮ, ನಾಳೆ ಬನ್ನಿ” ಅಂದಳು. ಬುದ್ಧಿ ಎಲ್ಲಿ ಹೋದರೂ ದರ್ಜಿಯ ಆ ಮಾತು ಮಾತ್ರ ಹೋಗಿರಲಿಲ್ಲ. ಬೇರೆ ದಿನವಾಗಿದ್ದರೆ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಚಮಚವನ್ನು ಬಟ್ಟಲಿಗೇ ಇಳಿಸಿಟ್ಟಳು. ಅಜ್ಜಿಗೆ ಸಿಗಬೇಕಾದ ರಕ್ತವನ್ನು ತಾನೇ ತಡೆದು ನಿಲ್ಲಿಸಿದಂತಾಗಿತ್ತು.

ಮರುದಿನ ಬೆಳಿಗ್ಗೆ ದೊಡ್ಡಪ್ಪನೂ ಬಂದಿದ್ದ. ಡಾಕ್ಟರಮ್ಮ ವಾರ ಕೇಳಿದರು. ಅಜ್ಜಿ ಎಂದಿನಂತೆ ಹಿಂದಕ್ಕೆ ನೋಡಿದಳು. ಮೊಮ್ಮಗಳು ತುಟಿ ಕಚ್ಚಿ ನೆಲ ನೋಡಿದಳು.

ಅಜ್ಜಿ ಕಾದಳು. ಆಮೇಲೆ ರೇಗಿದಳು.

“ಏನೇ, ಬಾಯಲ್ಲಿ ಪಿನ್ನು ಕಚ್ಕೊಂಡಿದ್ದೀಯಾ? ಹೇಳೇ!”

ಎಲ್ಲರೂ ತಿರುಗಿ ನೋಡಿದರು. ಹುಡುಗಿ ಡಾಕ್ಟರಮ್ಮನ ಎದುರಿಗೆ ಬಂದಳು.

“ಇಷ್ಟು ದಿನ ನಾನೇ... ನಾನೇ ಹೇಳಿಕೊಡ್ತಿದ್ದೆ, ಮೇಡಂ.”

“ನೋಡಿದ್ರಾ?” ಅಂದ ದೊಡ್ಡಪ್ಪ. “ನಾನು ಬಡ್ಕೊಳ್ತಾನೇ ಇದ್ದೆ, ಅಮ್ಮನಿಗೆ ಅರಳುಮರಳು ಅಂತ.”

“ಈಗಲೇ ಹಾಗೆ ಹಣೆಪಟ್ಟಿ ಹಚ್ಬೇಡಿ,” ಎಂದರು ಡಾಕ್ಟರಮ್ಮ. “ಮಿದುಳಿಗೂ ರಕ್ತ ಬೇಕಲ್ವಾ? ಏರಿಸಿ ನೋಡೋಣ. ತಿಳಿಯಾಗಬಹುದು, ಆಗದೇನೂ ಇರಬಹುದು.” ಹುಡುಗಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರಕ್ತ ಏರಿಸಿದ ಮೇಲೆ ಅಜ್ಜಿಯ ತುಟಿಗೆ ಬಣ್ಣ ಬಂತು. ಹೊದಿಕೆ ಹೊಲಿಯುವುದು ನಿಂತಿತು. ಮೊಮ್ಮಗಳ ಗುರುತು ಹತ್ತಿತು. ವಾರ ಯಾವುದೆಂದು ತಡವರಿಸಿದರೂ ತಾನೇ ಹೇಳಿದಳು. ತಿಂಗಳು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. “ಸರಿ, ಅಂಗಡಿ ವಿಷಯ ಆಮೇಲೆ ನೋಡೋಣ” ಎಂದು ದೊಡ್ಡಪ್ಪ ಎದ್ದು ಹೋದ. ಆ ಮಾತಿಗೆ ಕುಣಿಯಬೇಕಾಗಿದ್ದ ಹುಡುಗಿ ಡಾಕ್ಟರಮ್ಮನ ಹಿಂದೆ ಬಾಗಿಲವರೆಗೆ ಓಡಿದಳು.

“ಮೇಡಂ, ನಾನು ಮೊದಲೇ ಸುಮ್ಮನಿದ್ದಿದ್ರೆ... ತಿಂಗಳೂ ನೆನಪಿರ್ತಿತ್ತಾ?”

“ಅದನ್ನ ಹೇಳೋಕೆ ಬರಲ್ಲಮ್ಮ” ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿ ಹೋದರು.

ವಾಪಸು ಬಂದಾಗ ಅಜ್ಜಿ ದಿಂಬಿಗೆ ಒರಗಿ ಕಾಯುತ್ತಿದ್ದಳು.

“ಅವರ ಹತ್ರ ಅದೇನೇ ಗುಸುಗುಸು?”

“ಏನಿಲ್ಲ ಅಜ್ಜಿ,” ಅಂದಳು ಹುಡುಗಿ. ಅಜ್ಜಿಯ ಕಾಲ ಮೇಲಿನ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡಿದಳು.