ಮೂರನೆಯ ಕಂಬ ನೋಡಿದ ಅಂಗಿ

ಟೀವಿಯಲ್ಲಿ ಕೂತು ಸುದ್ದಿಯ ಒಳಗುಟ್ಟು ಬಿಡಿಸಿ ಹೇಳುವ ಒಬ್ಬರನ್ನು ನಾವೆಲ್ಲ ಗಂಟೆ ಸಾರ್ ಅನ್ನುತ್ತಿದ್ದೆವು. ದನಿ ಹಾಗಿತ್ತು. ಹನ್ನೆರಡು ವರ್ಷದಿಂದ ಅವರ ಅಂಗಿಗಳು ಬರುವುದು ನಮ್ಮ ಲಾಂಡ್ರಿಗೇ. ನನ್ನ ಓದು ಎರಡನೇ ಕ್ಲಾಸಿಗೆ ಮುಗಿಯಿತು, ಆದರೆ ಅಂಗಿ ಓದಲು ಬರುತ್ತದೆ. ಯಾರೋ ಬರೆದುಕೊಟ್ಟಿದ್ದನ್ನು ಒಪ್ಪಿಸಿದ ದಿನ ಅವರ ಅಂಗಿ ಇಸ್ತ್ರಿ ಮುರಿಯದೆ ಹೋದ ಹಾಗೇ ವಾಪಸ್ಸು. ಮನಸ್ಸಿನಿಂದ ಮಾತಾಡಿದ ದಿನ ಬೆನ್ನೆಲ್ಲ ಬೆವರು.

ಹಳೇ ಸೇತುವೆ ಗಟ್ಟಿಯಾಗಿದೆ, ಬಿರುಕೆಂಬುದು ಬರೀ ಪುಕಾರು ಎಂದು ಅವರು ಹೇಳಿದ ಮರುದಿನ, ಸ್ಕೂಲ್ ವ್ಯಾನ್ ಓಡಿಸುವ ನನ್ನ ಮಗ ಇನ್ನು ಸುತ್ತುದಾರಿ ಹಿಡಿಯುವುದಿಲ್ಲ ಎಂದ.

"ಬೇಡ ಕಣೋ."

"ದಿನಾ ಅರ್ಧ ಗಂಟೆ ದಂಡ ಅಮ್ಮಾ. ನಿನ್ನ ಅಂಗಿ ಶಾಸ್ತ್ರ ಏನನ್ನುತ್ತೆ, ನೋಡು!"

ಬೆಳಿಗ್ಗೆ ಒಗೆಯಲು ಬಂದಿದ್ದ ಅವರ ಅಂಗಿ ನೋಡಿದೆ. ಹಿಂಡಿದರೆ ನೀರು ಬರುವಷ್ಟು ಬೆವರು.

"ನಂಬಿಯೇ ಹೇಳಿದಾರೆ," ಎಂದೆ.

"ಮತ್ತೆ?"

"ನಂಬಿರೋದು ಅವರು. ಮಕ್ಕಳನ್ನ ಹೊರಬೇಕಾದ್ದು ಕಂಬ. ಇವತ್ತೊಂದಿನ ತಡಿ."

ಲಾಂಡ್ರಿ ಇಡುವ ಮೊದಲು ಇಪ್ಪತ್ತು ವರ್ಷ ಆ ಸೇತುವೆಯ ಕೆಳಗೇ ಬಟ್ಟೆ ಒಗೆದವಳು ನಾನು. ದೊಡ್ಡ ನೆರೆಯಲ್ಲಿ ಮರದ ದಿಮ್ಮಿಯೊಂದು ಮೂರನೆಯ ಕಂಬಕ್ಕೆ ಬಡಿದಿದ್ದು, ಆಮೇಲೆ ಅದಕ್ಕೆ ಗಾರೆ ಮೆತ್ತಿ ಬಣ್ಣ ಬಳಿದಿದ್ದು ನನ್ನ ಕಣ್ಣೆದುರಿಗೇ.

ಮಧ್ಯಾಹ್ನ ಅಂಗಿ ಒಯ್ಯಲು ಗಂಟೆ ಸಾರ್ ಬಂದರು. "ಸೇತುವೆ ಎಲ್ಲಿಂದ ನೋಡಿದ್ರಿ ಸಾರ್?" ಎಂದು ಕೇಳಿದೆ.

"ವರದಿ ಓದಿದೀನಿ ಅಜ್ಜಿ, ನಲವತ್ತು ಪುಟ. ಸುಳ್ಳು ಹೇಳಿ ನನಗೇನಾಗಬೇಕು?"

"ಸುಳ್ಳು ಅಂದೋರ್ಯಾರು? ನೀವು ಪುಟ ನೋಡಿದೀರಿ, ನಾನು ಬುಡ ನೋಡಿದೀನಿ. ಬನ್ನಿ, ಹತ್ತು ನಿಮಿಷದ ದಾರಿ."

"ನೀವೂ ನನ್ನ ಜೊತೆ ಚರ್ಚೆಗಿಳಿದ್ರಾ!" ಎಂದು ನಕ್ಕರು. ಆದರೂ ಬಂದರು.

ಬೇಸಿಗೆ, ನೀರು ಮೊಣಕಾಲಿಗೂ ಇರಲಿಲ್ಲ. ಕಂಬದ ಹಿಂಬದಿಯಲ್ಲಿ, ರಸ್ತೆಗೆ ಕಾಣದ ಕಡೆ, ಗಾರೆ ಉದುರಿ ಬಿರುಕು ಬಾಯಿಬಿಟ್ಟಿತ್ತು.

"ಕೈ ಹಾಕಿ," ಎಂದೆ.

ಬೆರಳು ಹೋಯಿತು, ಅಂಗೈ ಹೋಯಿತು, ಮಣಿಕಟ್ಟೂ ಹೋಯಿತು. ಅಷ್ಟರಲ್ಲಿ ಮೇಲೆ ಲಾರಿಯೊಂದು ಹಾದುಹೋಯಿತು. ತಟ್ಟನೆ ಕೈ ಎಳೆದುಕೊಂಡರು. ಅಲ್ಲಿಂದ ನೇರ ಟೀವಿ ಆಫೀಸಿನ ಕಡೆ ನಡೆದರು.

ಆ ಸಂಜೆ ಟೀವಿಯಲ್ಲಿ, "ನಿನ್ನೆ ನಾನು ಹೇಳಿದ್ದು ನಂಬಿ ಹೇಳಿದ್ದು, ನೋಡಿ ಹೇಳಿದ್ದಲ್ಲ. ಆ ಸೇತುವೆ ಹತ್ತಬೇಡಿ," ಎಂದರು. ವಾರದೊಳಗೆ ಸೇತುವೆಯ ಎರಡೂ ತುದಿಗೆ ಬೇಲಿ ಬಿತ್ತು. ಮಗ ಗೊಣಗುತ್ತಲೇ ಸುತ್ತುದಾರಿಯಲ್ಲಿ ವ್ಯಾನ್ ಓಡಿಸಿದ.

ಮಾತು ತಿದ್ದಿಕೊಂಡ ಆ ಸಂಜೆ ಗಂಟೆ ಸಾರ್ ಬಟ್ಟೆ ಬದಲಿಸದೆ ಹಾಗೇ ಟೀವಿಯಲ್ಲಿ ಕೂತಿದ್ದರು. ಮರುದಿನ ಒಗೆಯಲು ಬಂದ ಅಂಗಿಯ ಬೆನ್ನೆಲ್ಲ ಬೆವರು, ಬಲತೋಳಿನ ಅಂಚಿಗೆ ಗಾರೆ ಮತ್ತು ಪಾಚಿಯ ಕಲೆ. ಬೆವರು ಒಂದೇ ಒಗೆತಕ್ಕೆ ಹೋಯಿತು. ಕಲೆಯನ್ನು ನಾನೂ ಅಷ್ಟಾಗಿ ಉಜ್ಜಲಿಲ್ಲ.